ದೇವರ ಹೊಲಕ್ಕೆ ಹಿತಸಂಬಂಧಿ ಯಾರು?

ಗುಡೂರಿನ ಸೀಮೆಯಲ್ಲಿ, ಹುನಗುಂದ ಇಳಕಲ್ಲ ಕಡೆ, ರಸ್ತೆ ಬದಿಯ ಹೊಲ ತೋರಿಸಿ ‘ಇದು ಯಾರದು?’ ಅಂತ ಕೇಳಿದರೆ ಕೆಲವು ಸಲ ‘ದೇವರದರಿ’ ಅನ್ನುವ ಉತ್ತರ ಬರುತ್ತದೆ. ‘ಉಳಾವರು ಯಾರು?’ ಅಂತ ಮತ್ತೆ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಧರ್ಮಾದಾಯ ಕಾಯದೆಗಳು ಕೇಳಲೇ ಇಲ್ಲ. 1956ರವರೆಗೆ ಗುಡೂರು ಮುಂಬಯಿ ಆಡಳಿತದ ಬಿಜಾಪುರ ಜಿಲ್ಲೆಯ ಊರು. ಇಲ್ಲಿನ ಗುಡಿ ಮಠಗಳ ಹೊಲದ ಚರಿತ್ರೆ ಮುಂಬಯಿ ಕಾಯದೆಗಳಲ್ಲಿದೆ. ಕತೆ ಕಾವ್ಯಗಳನ್ನು ಓದುವ ನಿಷ್ಠುರತೆಯಿಂದಲೇ ದಲಿತ ವಿಮರ್ಶೆ ಅವನ್ನೂ ಓದಬೇಕು. ಕಾಯದೆಯೂ ಯಾರೋ ಯಾರಿಗಾಗಿಯೋ ಬರೆದ ಬರಹ.

ಬ್ರಿಟಿಷರಿಗಿಂತ ಮೊದಲು ಕಲ್ಲೇ ಕಾಯದೆ. ದಾನಶಾಸನಗಳ ಕೊನೆಗೆ ಶಾಪ ಇರುತ್ತದೆ: ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆ. ಅಲ್ಲಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಹೊಲದ ಗಡಿಗಳಿವೆ. ನೇಗಿಲು ಹಿಡಿದವನ ಹೆಸರು ಹುಡುಕಿದರೂ ಸಿಗುವುದು ಕಷ್ಟ.

1863ರ ಮುಂಬಯಿ ಇನಾಮು ಕಾಯದೆ ಈ ಶಾಪವನ್ನು ಸರಕಾರಿ ಭಾಷೆಗೆ ತಂದಿತು. ಧಾರ್ಮಿಕ, ಧರ್ಮಾದಾಯ ಸಂಸ್ಥೆಗಳ ಇನಾಮು ಹೊಲವನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಹನ್ನೊಂದು ವರ್ಷದ ಮೇಲೆ, 1874ರಲ್ಲಿ ವತನ ಕಾಯದೆ ಬಂತು. ಊರ ಚಾಕರಿಗೆ ಬಿಟ್ಟ ಹೊಲವನ್ನೂ ಮನಬಂದಂತೆ ಪರಭಾರೆ ಮಾಡುವ ಹಾಗಿರಲಿಲ್ಲ. ಆದರೆ ದೇವರಿಗೆ ಈ ಕಟ್ಟು ರಕ್ಷಣೆಯಾಯಿತು, ಕೇರಿಯವನಿಗೆ ಕೊರಳ ಹಗ್ಗವಾಯಿತು. ಹಗಲು ರಾತ್ರಿ ಕರೆದಾಗ ಓಡಬೇಕು. ಚಾಕರಿ ತಪ್ಪಿದರೆ ಹೊಲಕ್ಕೇ ಕುತ್ತು. 1928ರ ಮಾರ್ಚಿಯಲ್ಲಿ ಅಂಬೇಡ್ಕರರು ಮುಂಬಯಿ ಶಾಸನ ಸಭೆಯಲ್ಲಿ ಇದಕ್ಕೆ ತಿದ್ದುಪಡಿ ಮಸೂದೆ ಮಂಡಿಸಿದರು. ಪೂರ್ತಿ ಕಂದಾಯ ಕಟ್ಟಿ, ಚಾಕರಿಯಿಂದ ಬಿಡುಗಡೆಯಾಗಿ, ಹೊಲ ಉಳಿಸಿಕೊಳ್ಳುವ ದಾರಿ ಅದರಲ್ಲಿತ್ತು. ಮಹಾರ ವತನ ಮಸೂದೆ ಅಂತಲೇ ಹೆಸರಾದರೂ ಅದು ತಿದ್ದಹೊರಟದ್ದು ಬಿಜಾಪುರಕ್ಕೂ ಅನ್ವಯಿಸುತ್ತಿದ್ದ ಕಾಯದೆಯನ್ನು. 1929ರಲ್ಲಿ ಅವರು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಆಮೇಲೆ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯದೆ. ಚಾರಿಟಿ ಕಮಿಷನರ ಹುದ್ದೆ, ನೋಂದಣಿ, ಲೆಕ್ಕ ತಪಾಸಣೆ ಬಂದವು. ಅವರ ಮಂಜೂರಿ ಇಲ್ಲದೆ ಮಾರಾಟವಿಲ್ಲ, ಸಾಗುವಳಿ ಜಮೀನನ್ನು ಹತ್ತು ವರ್ಷ ಮೀರಿ ಲಾವಣಿಗೆ ಕೊಡುವಂತಿಲ್ಲ. ಟ್ರಸ್ಟಿಗಳ ನುಂಗಾಟಕ್ಕೆ ಕಡಿವಾಣ ಬಿತ್ತು, ಒಳ್ಳೆಯದೇ. ಆದರೆ ಆ ಕಾಯದೆಯಲ್ಲಿ ‘ಹಿತಸಂಬಂಧವುಳ್ಳ ವ್ಯಕ್ತಿ’ ಅಂತ ಒಬ್ಬನಿದ್ದಾನೆ. ಟ್ರಸ್ಟಿನ ವಿಷಯಕ್ಕೆ ಬಾಯಿ ಹಾಕುವ ಅಧಿಕಾರ ಅವನದು. ಯಾರವನು? ಗುಡಿಯಾದರೆ, ಪೂಜೆಗೆ ಹೋಗುವ ಹಕ್ಕುಳ್ಳವನು ಇಲ್ಲವೆ ಹೋಗುವ ರೂಢಿಯುಳ್ಳವನು. ಮಠವಾದರೆ ಅದರ ಶಿಷ್ಯ, ಅಥವಾ ಆ ಮತದವನು. ಮುಂಬಯಿ ಪ್ರಾಂತ್ಯದಲ್ಲಿ ದಲಿತರಿಗೆ ದೇವಾಲಯ ಪ್ರವೇಶದ ಕಾಯದೆಯಾದದ್ದೇ 1947ರಲ್ಲಿ. ಹಕ್ಕಿಗೆ ಮೂರು ವರ್ಷ ವಯಸ್ಸು; ರೂಢಿ ಎಲ್ಲಿಂದ ಬರಬೇಕು? ಹೊಲದಲ್ಲಿ ಬೆವರು ಸುರಿಸಿದ್ದಂತೂ ಹಿತಸಂಬಂಧದ ಲೆಕ್ಕಕ್ಕೆ ಬರಲೇ ಇಲ್ಲ.

ಪೆಟ್ಟು ಬಿದ್ದದ್ದು ಹೊಲದಲ್ಲಿ. 1948ರ ಮುಂಬಯಿ ಗೇಣಿ ಕಾಯದೆಗೆ 1956ರಲ್ಲಿ 88-ಬಿ ಕಲಮು ಸೇರಿತು. 1950ರ ಕಾಯದೆಯಡಿ ನೋಂದಣಿಯಾಗಿ, ಹೊಲದ ಉತ್ಪನ್ನವನ್ನೆಲ್ಲ ಟ್ರಸ್ಟಿನ ಉದ್ದೇಶಕ್ಕೇ ಬಳಸುವ ಪೂಜಾಸ್ಥಾನ, ಆಸ್ಪತ್ರೆ, ಗೋಶಾಲೆಗಳ ಜಮೀನಿಗೆ ಗೇಣಿದಾರನ ಕೊಳ್ಳುವ ಹಕ್ಕು ತಾಗದಂತಾಯಿತು. ಗೋವಿನ ಹೊಲ ಉಳಿಯಿತು, ಉತ್ತವನು ಉತ್ತವನಾಗಿಯೇ ಉಳಿದ. 1974ರ ಮಾರ್ಚಿ 1ರಿಂದ ಕರ್ನಾಟಕದ ಭೂಸುಧಾರಣೆ ಗೇಣಿ ಜಮೀನನ್ನು ಸರಕಾರಕ್ಕೆ ತಂದಿತು. ಧಾರ್ಮಿಕ ಸಂಸ್ಥೆಗಳಿಗೆ ವರ್ಷಾಶನ ಗೊತ್ತಾಯಿತು. ಗೇಣಿದಾರ 7ನೆಯ ನಮೂನೆ ತುಂಬಿದ. ಕೂಲಿಗೆ, ಜೀತಕ್ಕೆ ಉತ್ತವನು ಗೇಣಿದಾರನೂ ಅಲ್ಲವಾದ್ದರಿಂದ ಆ ನಮೂನೆ ಅವನದಾಗಲಿಲ್ಲ.

1997ರ ಧಾರ್ಮಿಕ ಸಂಸ್ಥೆಗಳ ಕಾಯದೆ 2003ರಲ್ಲಿ ಜಾರಿಗೆ ಬಂದು, ಹಿಂದೂ ಗುಡಿಗಳ ಮಟ್ಟಿಗೆ ಹಳೆಯ ಮುಂಬಯಿ ಕಾಯದೆಯನ್ನು ತೆಗೆಯಿತು. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ಮಠಗಳು ಈ ಕಾಯದೆಯ ಹೊರಗೆ.

ಒಂದು ಕುರ್ಚಿ ಸಿಕ್ಕಿದೆ. ಅಲ್ಲಿ ಕೂತವರು ಆರತಿ ತಟ್ಟೆಗೆ ಕೈಯೊಡ್ಡುವ ಮೊದಲು ಹಳೆಯ ಉತಾರ ತೆಗೆಸಿ ಓದಲಿ. ಅದರಲ್ಲಿ ಅಜ್ಜನ ಹೆಸರಿಲ್ಲದಿದ್ದರೆ, ಯಾವ ಹೊಲ, ಯಾರು ಉತ್ತರು, ಎಷ್ಟು ವರ್ಷ ಅಂತ ಕೇರಿಯ ಮುದುಕರನ್ನು ಕೇಳಿ ಬರೆದಿಡಲಿ. ಕಲ್ಲಿನಲ್ಲೂ ಕಾಯದೆಯಲ್ಲೂ ಜಾಗ ಸಿಗದವರ ಶಾಸನ ಅಲ್ಲಿಂದ ಶುರುವಾಗಬೇಕು.