ಹಿತ್ತಲಿಗೆ ಯಾವುದು ಯಾವಾಗ ಬಂತು?

ಮುಂಗಾರಿಗೆ ಊರಿದ ಬೀಜ ಶ್ರಾವಣದ ಹೊತ್ತಿಗೆ ಚಪ್ಪರ ಹತ್ತಿರುತ್ತದೆ. ಆಮೇಲಿನ ಕೆಲವು ವಾರ ಮನೆಯವರಿಗೆ ಹೀರೆಕಾಯಿ ಕಂಡರೆ ಸಾಕಪ್ಪ ಎನ್ನಿಸುವಷ್ಟು ಫಸಲು. ತಿರುಳಿನ ಪಲ್ಯ, ಸಿಪ್ಪೆಯ ಚಟ್ನಿ, ಬಿಲ್ಲೆ ಕೊಯ್ದು ಬಜ್ಜಿ. ಮಿಕ್ಕಿದ್ದು ಪಕ್ಕದ ಮನೆಗೆ. ಒಂದೆರಡು ಒಳ್ಳೆಯ ಕಾಯಿಗಳನ್ನು ಮಾತ್ರ ಯಾರೂ ಕೀಳುವ ಹಾಗಿಲ್ಲ. ಅವು ಬಳ್ಳಿಯಲ್ಲೇ ಒಣಗಿ ಮುಂದಿನ ವರ್ಷದ ಬೀಜವಾಗಬೇಕು. ಹೀಗೆ ಬೀಜದಿಂದ ಬೀಜಕ್ಕೆ ದಾಟಿ ಬಂದ ಈ ತರಕಾರಿ ಮಡಿಗಳ ಬಗ್ಗೆ ಬರೆದಿಟ್ಟ ಚರಿತ್ರೆ ಕಡಿಮೆ. ಗದ್ದೆಗೆ ಕಂದಾಯವಿತ್ತು, ದಾನವಿತ್ತು, ಆದ್ದರಿಂದ ಶಾಸನವೂ ಇತ್ತು. ಹೀರೆಬಳ್ಳಿಗೆ ಯಾರು ಕಲ್ಲು ಕೆತ್ತಿಸುತ್ತಾರೆ? ಹಿತ್ತಲ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಹೆಸರುಗಳಲ್ಲಿ.

ಚೆನ್ನೈನ ಸಂತೆಯಲ್ಲಿ ಹೀರೆಗೆ ಪೀರ್ಕಂಗಾಯ್, ಹಾಗಲಕ್ಕೆ ಪಾಗರ್ಕಾಯ್. ಹೈದರಾಬಾದಿನಲ್ಲಿ ಹೀರೆ ಬೀರಕಾಯ. ಕನ್ನಡದಲ್ಲಿಯೂ ಈ ಎರಡು ಹೆಸರುಗಳು ಮೊದಲು ಪಕಾರದಿಂದಲೇ ಶುರುವಾಗುತ್ತಿದ್ದವು. ಸುಮಾರು 10ನೇ ಶತಮಾನದಿಂದ ಕನ್ನಡದ ಮಾತಿನಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂವು ಹೂವಾಯಿತು. ಹೀರೆ, ಹಾಗಲಗಳೂ ಆ ಸಾಲಿನಲ್ಲಿ ಬಂದವು. ಹಿತ್ತಲು ಎಂಬ ಮಾತೇ ಹಳೆಯ ಪಿತ್ತಿಲ್. ಮನೆಯ ಹಿಂದಿನದು ಎಂದರ್ಥ. ಅಂದರೆ ಈ ಬಳ್ಳಿಗಳು, ಅವು ಹಬ್ಬಿದ ಜಾಗ, ಎರಡೂ ಆ ಬದಲಾವಣೆಗಿಂತ ಮೊದಲೇ ನುಡಿಯೊಳಗೆ ಇದ್ದವು. ಪಡುವಲದ ಪಕಾರ ಉಳಿಯಿತಲ್ಲ ಎಂದರೆ, ಅದಕ್ಕೆ ಸಂಸ್ಕೃತದ ಪಟೋಲದ ನಂಟು ಕಾರಣವಿರಬೇಕು. ಪೋರ್ಚುಗೀಸರ ಜೊತೆ ಬಂದ ಪಪ್ಪಾಯಿಯ ಪಕಾರಕ್ಕಂತೂ ಏನೂ ಆಗಲಿಲ್ಲ. ಅದು ಬರುವಷ್ಟರಲ್ಲಿ ಆ ಬದಲಾವಣೆಯ ಕಾಲವೇ ಮುಗಿದಿತ್ತು. ಅದರ ಇನ್ನೊಂದು ಹೆಸರು ಪರಂಗಿ. ಫರಂಗಿಯವರ ಹಣ್ಣು ಎಂದು ಊರಿನವರು ಮುಚ್ಚುಮರೆಯಿಲ್ಲದೆ ಹೇಳಿದರು.

ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಕಾವ್ಯವನ್ನು ಬರೆದದ್ದು ಸುಮಾರು 1508ರಲ್ಲಿ. ಬದನೆಗೆ ಅದರಲ್ಲಿ ಧಾರಾಳ ಜಾಗವಿದೆ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು ಆಗ ಹತ್ತು ವರ್ಷ. ಗೋವಾ ಪೋರ್ಚುಗೀಸರ ಕೈಗೆ ಹೋಗಲು ಇನ್ನೆರಡು ವರ್ಷ. ಹಸಿಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಯಾವುದೂ ಇಲ್ಲದ ಅಡುಗೆಮನೆಯ ಕೊನೆಯ ದಿನಗಳಲ್ಲಿ ಕೂತು ಮಂಗರಸ ಬರೆಯುತ್ತಿದ್ದ. ಅವನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಆಮೇಲೆ ಬಂದವಕ್ಕೆ ಜನ ಹೊಸ ಹೆಸರು ಹುಡುಕಲಿಲ್ಲ, ಇದ್ದ ಹೆಸರನ್ನೇ ಹಂಚಿದರು. ಖಾರಕ್ಕೆ ಮೆಣಸು ಇತ್ತು. ಖಾರದ ಕಾಯಿ ಬಂದಾಗ ಅದು ಮೆಣಸಿನಕಾಯಿ. ತಮಿಳಿನ ಮಿಳಗಾಯ್ ಕೂಡ ಮಿಳಗು ಎಂಬ ಮೆಣಸಿನ ಕಾಯಿಯೇ. ದೆಹಲಿಯ ಮಿರ್ಚ್ ಸಂಸ್ಕೃತದ ಮರೀಚದಿಂದ ಬಂದದ್ದು, ಮರೀಚವೆಂದರೂ ಕಾಳುಮೆಣಸೇ. ಬಂದ ನಂಟ ಮನೆ ಯಜಮಾನನ ಹೆಸರನ್ನೇ ಹೊತ್ತುಕೊಂಡ ಮೇಲೆ ಯಜಮಾನನಿಗೆ ವಿಶೇಷಣ ಬೇಕಾಯಿತು. ಹಳೆಯ ಮೆಣಸು ಒಂದೆಡೆ ಕಾಳುಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು, ಹಿಂದಿಯಲ್ಲಿ ಕಾಲೀ ಮಿರ್ಚ್ ಆಯಿತು. ‘ಒಳ್ಳೆ’ ಎನ್ನುವಲ್ಲಿ ಹೊಸದರ ಮೇಲಿನ ಒಂದು ಸಣ್ಣ ಅಸಮಾಧಾನವೂ ಕೇಳಿಸುತ್ತದೆ.

ಹೀಗೆ ಹೆಸರು ಕೊಡುವುದರಲ್ಲಿ ಬದನೆಯಷ್ಟು ಧಾರಾಳಿ ಇನ್ನೊಂದಿಲ್ಲ. ಟೊಮೆಟೊಗೆ ಚಪ್ಪರಬದನೆ ಎಂಬ ಹೆಸರಿತ್ತು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಕುಟುಂಬದವು, ಆದ್ದರಿಂದ ಹೆಸರು ಸರಿಯಾಗಿಯೇ ಇತ್ತು, ಆದರೂ ಉಳಿಯಲಿಲ್ಲ. ಸೀಮೆಬದನೆಯ ಹೆಸರು ತಪ್ಪು, ಅದೇ ಉಳಿಯಿತು! ಮೆಕ್ಸಿಕೊ ಕಡೆಯ ಈ ಬಳ್ಳಿ ಹೀರೆ, ಕುಂಬಳಗಳ ಬಳಗದ್ದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಹಾಗೆ ಹೊರಗಿನಿಂದ ಬಂದದ್ದು ಎಂಬುದಷ್ಟೇ ಈ ಹೆಸರಿನಲ್ಲಿರುವ ಸತ್ಯ. ಅದನ್ನು ಇಲ್ಲಿಗೆ ತಂದ ಶ್ರೇಯಸ್ಸನ್ನು ತೋಟಗಾರಿಕೆಯವರು ಸಾಮಾನ್ಯವಾಗಿ ಲಾಲ್‌ಬಾಗ್‌ನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್‌ಗೆ ಕೊಡುತ್ತಾರೆ. ಅವನು ಲಾಲ್‌ಬಾಗಿಗೆ ಬಂದದ್ದು 1874ರಲ್ಲಿ. ಬೆಂಗಳೂರಿನಿಂದ ಅದು ಸುತ್ತಲಿನ ರಾಜ್ಯಗಳಿಗೆ ಹೋಯಿತು. ಹಾಗಾಗಿ ತಮಿಳಿನಲ್ಲಿ ಅದು ಬೆಂಗಳೂರು ಕತ್ತರಿಕ್ಕಾಯ್, ತೆಲುಗಿನಲ್ಲಿ ಬೆಂಗಳೂರು ವಂಕಾಯ. ಬೆಂಗಳೂರು ಯಾವುದನ್ನು ಪರದೇಶಿ ಎಂದಿತೋ ಅದನ್ನೇ ನೆರೆಯವರು ಬೆಂಗಳೂರಿನದು ಎಂದರು.

ಊರು ಬಿಟ್ಟವರಿಗೆ ಈ ಹೆಸರುಗಳ ಗೊಂದಲ ಪ್ರತಿವಾರದ್ದು. ಹಳೇ ಮೈಸೂರಿನ ಗೋರಿಕಾಯಿ ಧಾರವಾಡದ ಕಡೆ ಚವಳಿಕಾಯಿ. ಅದನ್ನೇ ನಂಬಿ ಪುಣೆಯ ಮಂಡಿಯಲ್ಲಿ ಚವಳಿ ಕೇಳಿದರೆ ಸಿಗುವುದು ಅಲಸಂದೆ. ಗೋರಿಕಾಯಿ ಬೇಕಾದರೆ ಗವಾರ್ ಎನ್ನಬೇಕು. ಮುಂಬಯಿಗೆ ಹೋದ ಕರಾವಳಿಯವರಿಗೆ ಮಾತ್ರ ಬಟಾಟೆ ಬಟಾಟಾ ಆದದ್ದಷ್ಟೇ ವ್ಯತ್ಯಾಸ. ಪೋರ್ಚುಗೀಸರ ಬಾಯಿಂದ ಬಂದ ಆ ಹೆಸರು ಕೆರಿಬಿಯನ್ ದ್ವೀಪಗಳಲ್ಲಿ ಮೊದಲು ಗೆಣಸಿನದಾಗಿತ್ತು.

ಹೆಸರು ಸಿಕ್ಕಿದ ಮಾತ್ರಕ್ಕೆ ಪಂಕ್ತಿಯಲ್ಲಿ ಎಲೆ ಸಿಕ್ಕಿತು ಎಂದಲ್ಲ. ಎಷ್ಟೋ ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡುಗೆಗೆ ಇಂದಿಗೂ ಟೊಮೆಟೊ, ಆಲೂಗಡ್ಡೆ, ಕೋಸು ಸೇರುವುದಿಲ್ಲ. ಖಾರಕ್ಕೆ ಕಾಳುಮೆಣಸು, ಹಾಗಲ, ಬಾಳೆಕಾಯಿ, ಗೋರಿಕಾಯಿ ಬರುತ್ತವೆ. ವರ್ಷಕ್ಕೊಮ್ಮೆ ಪಿತೃಗಳಿಗಾಗಿ ಆ ಒಲೆ ಹೆಚ್ಚುಕಡಿಮೆ ಮಂಗರಸನ ಕಾಲಕ್ಕೆ ಹಿಂತಿರುಗುತ್ತದೆ.

ಅಪ್ಪಟ ನಮ್ಮದು ಎಂದು ಬಯಲುಸೀಮೆಯವರು ಎದೆ ತಟ್ಟಿ ಹೇಳುವ ಅವರೆಯ ಕತೆಯೇ ಬೇರೆ. ಅದರ ಕಾಡುಮೂಲ ಆಫ್ರಿಕಾದಲ್ಲಿದೆ. ಆದರೆ ಅದು ಬಂದು ಮೂರು ಸಾವಿರ ವರ್ಷ ದಾಟಿತು. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರುಕಾಳುಗಳ ಜೊತೆ ಅವರೆಯ ಸುಟ್ಟ ಕಾಳುಗಳೂ ಸಿಕ್ಕಿವೆ. ಕನ್ನಡದ ಮೊದಲ ಶಾಸನಕ್ಕಿಂತ ಅವು ಎಷ್ಟೋ ಹಳೆಯವು. ಹೊರಗಿನದು ಎಂಬ ಗುರುತು ಹೆಸರಿನಲ್ಲಿ ಒಂದಿಷ್ಟೂ ಇಲ್ಲ. ತಮಿಳಿನಲ್ಲೂ ಅದು ಅವರೈಯೇ.

ನಾಟಿ ಅವರೆಗೆ ಒಂದು ಹಟವಿತ್ತು. ಹಗಲು ಮೊಟಕಾಗಿ ರಾತ್ರಿ ಉದ್ದವಾಗುವವರೆಗೆ ಅದು ಹೂ ಬಿಡುವುದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲೋ ಹಿತ್ತಲ ಬೇಲಿಯಲ್ಲೋ ಮೊದಲೇ ಹಾಕಿದರೂ ಕಾಯಿ ಬರುವುದು ಚಳಿಗೆ. ಮಾರ್ಗಶಿರ, ಪುಷ್ಯದ ಮಂಜು ಬಿದ್ದಾಗ ಸಿಪ್ಪೆಯ ಜಿಡ್ಡು ಬೆರಳಿಗಂಟಿ, ಸೊಗಡು ತುಂಬಿ, ಮನೆಮಂದಿಯೆಲ್ಲ ಮೊರದ ಸುತ್ತ ಕೂತು ಕಾಳು ಹಿದುಕುತ್ತಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆಯ ತಳಿಗಳು ಈ ಹಟವನ್ನು ಬಿಡಿಸಿದವು. ಹಗಲಿನ ಉದ್ದದ ಹಂಗಿಲ್ಲದೆ ಅವು ಯಾವ ತಿಂಗಳಲ್ಲೂ ಕಾಯಿ ಬಿಡುತ್ತವೆ. ರೈತನಿಗೆ ಅದು ದೊಡ್ಡ ಅನುಕೂಲ, ಅಲ್ಲಗಳೆಯುವಂತಿಲ್ಲ. ಸೊಗಡು ಮಾತ್ರ ಅವುಗಳಲ್ಲಿ ಕಡಿಮೆ. ಈಗ ಆಷಾಢದಲ್ಲೂ ಅವರೆ ಸಿಗುತ್ತದೆ. ಕೊಳ್ಳುವವರು ಕಾಯಿಯನ್ನು ಮೂಸಿ ನೋಡಿ ಅರ್ಧ ಕೆಜಿಯಷ್ಟೇ ಹಾಕಿಸಿಕೊಳ್ಳುತ್ತಾರೆ.