ನಲ್ಲಿನೀರಿನ ಮೊಕದ್ದಮೆ ಮತ್ತು ದಂಡದ ಪುಸ್ತಕ

ಕಳೆದ ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ಕೆಂಗೇರಿ ಉಪನಗರದ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಇತಿಹಾಸದ ಇಸವಿಗಳನ್ನು ಅದಲುಬದಲು ಮಾಡುವುದರಲ್ಲಿ ನಿಸ್ಸೀಮನಾಗಿದ್ದ ಆತ ಈಗ ಮೈಸೂರು ರಸ್ತೆಯ ಬದಿಯಲ್ಲಿ ಸಿದ್ಧ ಉಡುಪಿನ ಸಣ್ಣ ಘಟಕವೊಂದರ ಮಾಲೀಕ. ಇಪ್ಪತ್ತೆರಡು ಮಂದಿ ಕೆಲಸಗಾರರು, ಹೆಚ್ಚಿನವರು ಹೆಂಗಸರು.

"ಸಾರ್, ನಮ್ಮ ಆಡಿಟರು ದಂಡದ ರಿಜಿಸ್ಟರ್ ಎಲ್ಲಿ ಅಂತ ಕೇಳ್ತಾರೆ. ತಡವಾಗಿ ಬಂದೋರಿಗೆ ಅರ್ಧ ದಿನದ ಸಂಬಳ ಹಿಡೀತೀನಿ, ಅಷ್ಟೇ. ಅದಕ್ಕೂ ಪುಸ್ತಕ ಬೇಕಾ? ನಾನೇನು ದೊಡ್ಡ ಕಾರ್ಖಾನೆ ನಡೆಸ್ತಿದೀನಾ?" ಎಂದ.

ನಾನು ಅವನ ಮುಂದಿದ್ದ ನೀರಿನ ಲೋಟವನ್ನು ತೋರಿಸಿದೆ. ಮೇಷ್ಟರ ಹಳೆಯ ಚಾಳಿ ಎಂದು ನಕ್ಕ. ಆದರೆ ಅವನ ಪ್ರಶ್ನೆಗೆ ಉತ್ತರವಾಗಬಲ್ಲ ಮೊಕದ್ದಮೆಯೊಂದು ಆ ನೀರನ್ನು ನಮಗೆ ಕೊಡುವ ಸಂಸ್ಥೆಯಲ್ಲಿಯೇ ಹುಟ್ಟಿದ್ದು. ಅವನಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಬೆಂಗಳೂರು ಜಲಮಂಡಲಿ ಸ್ಥಾಪನೆಯಾದದ್ದು 1964ರಲ್ಲಿ. ಅದಕ್ಕೂ ಮೊದಲು ಊರಿಗೆ ಹೆಸರಘಟ್ಟದ ನೀರು, ಆಮೇಲೆ ತಿಪ್ಪಗೊಂಡನಹಳ್ಳಿಯ ನೀರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಯೋಜನೆಯ ಮೊದಲ ಹಂತ ಪೂರ್ಣಗೊಂಡದ್ದು 1974ರಲ್ಲಿ. ಆ ಕಾಮಗಾರಿ ಸಾಗಿದ್ದ ವರ್ಷಗಳಲ್ಲಿ ಮಂಡಲಿಯ ಕೆಲವು ನೌಕರರ ಮೇಲೆ ದುರ್ನಡತೆಯ ಆರೋಪ ಬಂದಿತು. ಮಂಡಲಿಯು ದಂಡ ವಿಧಿಸಿ ಹಣವನ್ನು ವಸೂಲಿ ಮಾಡಿತು. ಸಹಜ ನ್ಯಾಯದ ನಿಯಮವನ್ನು ಮೀರಿ, ಅಂದರೆ ತಮ್ಮ ಮಾತನ್ನು ಸರಿಯಾಗಿ ಕೇಳದೆಯೇ, ದಂಡ ಹಾಕಲಾಗಿದೆ ಎಂದು ಎ. ರಾಜಪ್ಪ ಮತ್ತು ಇತರರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು.

ಮಂಡಲಿಯ ಉತ್ತರ ಕುತೂಹಲಕರವಾಗಿತ್ತು. ದಂಡ ಸರಿಯೋ ತಪ್ಪೋ ಎಂಬ ವಿಚಾರಕ್ಕೆ ಮುನ್ನವೇ ಅದು ಒಂದು ಆಕ್ಷೇಪವನ್ನೆತ್ತಿತು: ಪ್ರಜೆಗಳಿಗೆ ನೀರುಣಿಸುವುದು ಪ್ರಭುತ್ವದ ಕಾರ್ಯ, ಆದುದರಿಂದ ನಾವು 'ಉದ್ಯಮ'ವೇ ಅಲ್ಲ, ಇವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೂ ಅಲ್ಲ! "ನಾನೇನು ಕಾರ್ಖಾನೆ ನಡೆಸ್ತಿದೀನಾ" ಎಂಬ ನನ್ನ ಶಿಷ್ಯನ ಮಾತಿಗೂ ಇದಕ್ಕೂ ದೂರದ ನಂಟಲ್ಲ. ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವೂ ಒಪ್ಪಲಿಲ್ಲ. ಮಂಡಲಿ ದಿಲ್ಲಿಯವರೆಗೆ ಹೋಯಿತು.

ಸರ್ವೋಚ್ಚ ನ್ಯಾಯಾಲಯದಲ್ಲಿ ಏಳು ಮಂದಿ ನ್ಯಾಯಮೂರ್ತಿಗಳ ಪೀಠ 1978ರ ಫೆಬ್ರವರಿ 21ರಂದು ತೀರ್ಪಿತ್ತಿತು. ಪ್ರಧಾನ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. (ಅವರ ಇಂಗ್ಲಿಷನ್ನು ಓದಲು ನಿಘಂಟು ಪಕ್ಕದಲ್ಲಿರಬೇಕು, ಇದು ನನ್ನ ಅನುಭವದ ಮಾತು.) ವ್ಯವಸ್ಥಿತವಾದ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರ ಬೇಕುಗಳನ್ನು ಪೂರೈಸುವ ವಸ್ತು ಅಥವಾ ಸೇವೆ: ಈ ಮೂರೂ ಇದ್ದಲ್ಲಿ ಅದು ಉದ್ಯಮವೇ. ಲಾಭದ ಉದ್ದೇಶವಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಜಲಮಂಡಲಿಯಷ್ಟೇ ಅಲ್ಲ, ಆಸ್ಪತ್ರೆ, ಕ್ಲಬ್ಬು, ಸಂಶೋಧನಾ ಸಂಸ್ಥೆ, ಶಾಲೆ, ವಿಶ್ವವಿದ್ಯಾಲಯಗಳೆಲ್ಲವೂ ಆ ಒಂದೇ ಸೂರಿನಡಿ ಬಂದವು. ಕೆಲವು ನೌಕರರ ದಂಡದ ಹಣದಿಂದ ಹೊರಟ ವ್ಯಾಜ್ಯ ದೇಶದ ಮಾಲೀಕರೆಲ್ಲರಿಗೂ ಮುಟ್ಟಿತು.

ಸರ್ಕಾರಕ್ಕೆ ಇದು ಇಷ್ಟವಾಗಲಿಲ್ಲ. 1982ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನು ಕಿರಿದುಗೊಳಿಸಿ ತಿದ್ದುಪಡಿ ಮಾಡಿತಾದರೂ ಆ ಭಾಗ ಕೊನೆಯವರೆಗೂ ಜಾರಿಗೆ ಬರಲೇ ಇಲ್ಲ. 2017ರಲ್ಲಿ ಪ್ರಶ್ನೆಯನ್ನು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಧರ್ಮಾರ್ಥ ಸಂಸ್ಥೆಗಳನ್ನೂ ಪ್ರಭುತ್ವದ ಕಾರ್ಯಗಳನ್ನೂ ಮನೆಗೆಲಸವನ್ನೂ ಹೊರಗಿಟ್ಟಿದೆ. ಲಾಭದ ಉದ್ದೇಶವಿರಲೇಬೇಕೆಂದು ಅದೂ ಹೇಳುವುದಿಲ್ಲ.

ಶಾಲೆ ಉದ್ಯಮವಾಯಿತು ಎಂದೆನಲ್ಲ. ಹಾಗಾದರೆ ಮೇಷ್ಟರು ಕಾರ್ಮಿಕರಾದರೇ? ಗೋವಾದ ಖಾಸಗಿ ಶಾಲೆಯೊಂದರ ಶಿಕ್ಷಕಿ ಎ. ಸುಂದರಾಂಬಾಳ್ ತಮ್ಮನ್ನು ಕೆಲಸದಿಂದ ತೆಗೆದುದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1988ರಲ್ಲಿ ಇದಕ್ಕೆ ಉತ್ತರ ಬಂದಿತು. ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯವರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ. ಪಾಠ ಹೇಳುವುದು ಕೈಗೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ. ಅದು ಉದಾತ್ತ ವೃತ್ತಿ. ಆದುದರಿಂದ ಶಾಲೆ ಉದ್ಯಮವಾದರೂ ಶಿಕ್ಷಕರು ಕಾರ್ಮಿಕರಲ್ಲ! ಶಿಕ್ಷಕರ ದೂರುಗಳಿಗೆ ಬೇರೆ ವ್ಯವಸ್ಥೆ ಬೇಕೆಂಬುದನ್ನು ಅವರೇ ತೀರ್ಪಿನಲ್ಲಿ ಸೂಚಿಸಿದ್ದರು. ಗ್ರಾಚ್ಯುಟಿಯ ವಿಷಯದಲ್ಲಿಯೂ ಇದೇ ಕಥೆ. ಶಿಕ್ಷಕರು 'ಉದ್ಯೋಗಿ'ಗಳಲ್ಲವೆಂದು 2004ರಲ್ಲಿ ತೀರ್ಪಾಯಿತು. 2009ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು. 2022ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಶಾಲೆ ನಡೆಸುತ್ತಿರುವ ನನ್ನ ಶಿಷ್ಯರು ಈ ಸಾಲನ್ನು ಎರಡು ಬಾರಿ ಓದಿಕೊಳ್ಳಲಿ.

ಉದಾತ್ತ ವೃತ್ತಿ ಎಂಬ ಮಾತು ಕೇಳುವುದಕ್ಕೆ ಇಂಪು. ಆದರೆ 1986ರಲ್ಲಿ, ಬಿ.ಎಡ್. ಮುಗಿಸಿ ನಗರದ ಖಾಸಗಿ ಶಾಲೆಯೊಂದಕ್ಕೆ ಸೇರಿದ ಹೊಸತರಲ್ಲಿ, ಬಸ್ಸು ಕೆಟ್ಟುನಿಂತು ಇಪ್ಪತ್ತು ನಿಮಿಷ ತಡವಾದದ್ದಕ್ಕೆ ನನ್ನ ಒಂದು ದಿನದ ಸಂಬಳ ಹೋಗಿತ್ತು. ಏಕೆ ತಡವಾಯಿತೆಂದು ಯಾರೂ ಕೇಳಲಿಲ್ಲ. ತಿಂಗಳ ಕೊನೆಯಲ್ಲಿ ಲಕೋಟೆ ಬಿಚ್ಚಿ ಎಣಿಸಿದಾಗಲೇ ನನಗೆ ತಿಳಿದದ್ದು. ಮೊತ್ತ ಎಷ್ಟೆಂದು ಮರೆತಿದ್ದೇನೆ. ಎರಡನೆಯ ಸಲ ಎಣಿಸಿದ್ದು ಮಾತ್ರ ಮರೆತಿಲ್ಲ.

ಇದನ್ನು ಹೇಳಿದ ಮೇಲೆ ಶಿಷ್ಯ ಗಂಭೀರನಾದ. ಆಗ ಅವನಿಗೆ ಕಾನೂನಿನ ಲೆಕ್ಕ ಹೇಳಿದೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ದಂಡದ ಮಿತಿ ರೂಪಾಯಿಗೆ ಅರ್ಧಾಣೆ, ಅಂದರೆ ಮೂವತ್ತೆರಡರಲ್ಲಿ ಒಂದು ಪಾಲು. ಅದನ್ನೇ ಮುಂದೆ ಶೇಕಡಾ 3 ಎಂದರು. ಈಗಿನ ವೇತನ ಸಂಹಿತೆಯಲ್ಲಿಯೂ ಅದೇ ಮಿತಿ. ಯಾವ ತಪ್ಪಿಗೆ ದಂಡವೆಂಬುದಕ್ಕೆ ಮೊದಲೇ ಒಪ್ಪಿಗೆ ಪಡೆದು ಸೂಚನಾ ಫಲಕದಲ್ಲಿ ಹಾಕಿರಬೇಕು. ದಂಡ ಹಾಕುವ ಮುನ್ನ ಕೆಲಸಗಾರನ ಕಾರಣವನ್ನು ಕೇಳಬೇಕು. ಕಂತಿನಲ್ಲಿ ವಸೂಲಿ ಮಾಡಬಾರದು; ತಪ್ಪು ನಡೆದು 90 ದಿನ ಕಳೆದ ಮೇಲಂತೂ ಹಿಡಿಯಲೇಬಾರದು. ಪುಸ್ತಕದಲ್ಲಿ ಬರೆಯಬೇಕು, ಆ ಹಣ ಮಾಲೀಕನ ಜೇಬಿಗಲ್ಲ, ಕೆಲಸಗಾರರ ಹಿತಕ್ಕೇ ಖರ್ಚಾಗಬೇಕು.

"ಇನ್ನು ನೀನು ಹಿಡಿಯುವ ಅರ್ಧ ದಿನದ ಸಂಬಳ. ಕೆಲಸಕ್ಕೆ ಬಾರದ ಹೊತ್ತಿಗೆ ಸಂಬಳ ಕಡಿತ ಮಾಡಬಹುದು ಕಣಪ್ಪಾ, ಆದರೆ ಕಾಲು ಗಂಟೆ ತಡವಾದರೆ ಕಾಲು ಗಂಟೆಯದು ಮಾತ್ರ. ನಾಲ್ಕು ಗಂಟೆಯದಲ್ಲ."

"ಅಷ್ಟು ಸಣ್ಣ ಮೊತ್ತ ಹಿಡಿದರೆ ಯಾರು ಹೆದರ್ತಾರೆ ಸಾರ್?" ಎಂದ. ಅವನ ಕಷ್ಟವೂ ಸುಳ್ಳಲ್ಲ. ಸಾಲಿನಲ್ಲಿ ಒಂದು ಯಂತ್ರ ಖಾಲಿಯಿದ್ದರೆ ಮುಂದಿನವರೆಲ್ಲರೂ ಕಾಯಬೇಕು. ಮಾಲು ತಡವಾದರೆ ಕೆಲಸ ಕೊಟ್ಟ ಕಂಪೆನಿ ಅವನ ಬಿಲ್ಲಿನಲ್ಲಿ ಹಿಡಿಯುತ್ತದೆ, ಅವನನ್ನೂ ಏನೂ ಕೇಳದೆಯೇ.

ಬುಧವಾರ ಸಂಜೆ ದೂರವಾಣಿ ಮಾಡಿದ್ದ. ಪುಸ್ತಕ ತಂದನಂತೆ. ಪದೇ ಪದೇ ತಡವಾಗಿ ಬರುವ ಒಬ್ಬಾಕೆಯನ್ನು ಮೊದಲ ಬಾರಿಗೆ ಕಾರಣ ಕೇಳಿದನಂತೆ. ಹೊಲಿಗೆ ಆರಂಭವಾಗುವುದು ಒಂಬತ್ತಕ್ಕೆ, ಮಗುವನ್ನು ಬಿಡುವ ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಆ ತಿಂಗಳು ಹಿಡಿದಿದ್ದ ಹಣವನ್ನು ಹಿಂದಿರುಗಿಸಿದೆನೆಂದ. ಆಕೆ ಕೆಲಸಕ್ಕೆ ಬರುವ ಹೊತ್ತನ್ನು ಬದಲಿಸಿದ್ದಾನೋ ಇಲ್ಲವೋ, ಮುಂದಿನ ಸಲ ಬಂದಾಗ ಕೇಳಬೇಕು.