ಅಗೆದ ನೆಲದ ಋಣ : ಮಧುಗಿರಿ ಸೀಮೆಯ ಚರಿತ್ರೆಯಿಂದ ಕೆಲವು ವಿಚಾರಗಳು

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳ ಸೀಮೆ ಕಲ್ಲು ಬೆಟ್ಟಗಳ ಸೀಮೆಯೆಂಬುದು ಸರ್ವವಿದಿತ. ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಕ್ಲೋಸ್‌ಪೇಟೆ ಗ್ರಾನೈಟ್ ಶಿಲಾಪಟ್ಟಿಯು ರಾಮನಗರದ ಕಡೆಯಿಂದ ಉತ್ತರಕ್ಕೆ ಸಾಗಿ ಈ ಸೀಮೆಯನ್ನು ಹಾಯ್ದುಹೋಗುತ್ತದೆ. ಏಕಶಿಲೆಯೆಂದು ಖ್ಯಾತವಾದ ಮಧುಗಿರಿ ಬೆಟ್ಟವು ಅದರ ಕಿರೀಟದಂತಿದೆ. ಕಲ್ಲು ಬಿಸಿಲು ಮಳೆಗಳಿಗೆ ಶಿಥಿಲವಾಗಿ ನಮ್ಮ ಹೊಲಗಳ ಕೆಂಪು ಮಣ್ಣಾಯಿತು. ಒಂದಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಯಂತ್ರವು ಅದನ್ನು ಬಗೆದೆಸೆಯಲು ಒಂದು ಮುಂಜಾನೆ ಸಾಕು. ಈ ಅಂತರವನ್ನು ಅರಿಯುವುದೇ ಪ್ರಸ್ತುತ ವಿಚಾರಕ್ಕೆ ಪೀಠಿಕೆ.

ನೆಲದಿಂದ ಲೋಹ ತೆಗೆಯುವ ಕಾಯಕ ಇಲ್ಲಿಗೆ ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಆಸುಪಾಸಿನ ಕಬ್ಬಿಣ, ಉಕ್ಕುಗಳ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಳೆಗಾಲದ ಹಳ್ಳಗಳು ಬೆಟ್ಟಗಳಿಂದ ಹೊತ್ತು ತಂದ ಕಪ್ಪು ಮರಳನ್ನು ಜನರು ಸಂಗ್ರಹಿಸಿ, ಇದ್ದಿಲಿನ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಉಕ್ಕು ಮಾಡುವಾಗ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿಗಳನ್ನು ಇಡುತ್ತಿದ್ದರು. ಆ ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಈ ಕಸುಬು ನಿರ್ದೋಷವಾಗಿತ್ತೆಂದು ಹೇಳಲಾಗದು. ಇದ್ದಿಲಿಗಾಗಿ ಗಿಡಮರಗಳು ಬಲಿಯಾಗಲೇಬೇಕಿತ್ತು. ಆದರೆ ಹಳ್ಳದ ಮರಳನ್ನು ಮುಂದಿನ ಮಳೆ ಮತ್ತೆ ತುಂಬುತ್ತಿತ್ತು. ಮನುಷ್ಯನ ತೋಳ್ಬಲಕ್ಕಿದ್ದ ಮಿತಿಯೇ ನೆಲಕ್ಕೆ ರಕ್ಷೆಯಾಗಿತ್ತು.

ಆ ಮಿತಿಯನ್ನು ಸಿಡಿಮದ್ದೂ ಯಂತ್ರವೂ ಅಳಿಸಿಹಾಕಿದವು. ಕಲ್ಲುಗಣಿಗಳು ಬೆಟ್ಟಗಳನ್ನೇ ಕರಗಿಸತೊಡಗಿದವು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಪಾತ್ರದಿಂದ ಮರಳು ಲಾರಿಗಳಲ್ಲಿ ಸಾಗಿತು. ನದಿಯ ಮರಳೆಂದರೆ ಕೇವಲ ಕಟ್ಟಡದ ಸಾಮಗ್ರಿಯಲ್ಲ. ಮಳೆನೀರನ್ನು ಹೀರಿಟ್ಟುಕೊಂಡು ದಡದ ಬಾವಿಗಳಿಗೆ ಮೆಲ್ಲನೆ ಉಣಿಸುವ ಭಂಡಾರವದು. ನದಿಯ ಮರಳು ವಿರಳವಾದೊಡನೆ ಬಯಲುಸೀಮೆಯಲ್ಲಿ 'ಫಿಲ್ಟರ್ ಮರಳು' ಎಂಬ ಇನ್ನೂ ಕಠೋರವಾದ ದಂಧೆ ಹಬ್ಬಿತು. ಹೊಲದ, ಕೆರೆಯಂಗಳದ ಮಣ್ಣನ್ನು ನೀರಿನಲ್ಲಿ ತೊಳೆದು ಮರಳನ್ನು ಮಾರುವುದು. ಬೆಳೆಗೆ ಆಧಾರವಾದ ನುಣುಪು ಮಣ್ಣನ್ನು ಕೆಸರಾಗಿ ಹರಿಯಬಿಡುವುದು. ಶೇಂಗಾ ಬೆಳೆಯುವ ಹೊಲಕ್ಕೆ ಇದಕ್ಕಿಂತ ದೊಡ್ಡ ಅಪಮೃತ್ಯು ಬೇರೊಂದಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಮೌನವಾಗಿ ಉಳಿಯಲಿಲ್ಲ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿಯೂ, ಆಗಸ್ಟ್ 26ರಂದು ಚಿತ್ರದುರ್ಗ ಹಾಗೂ ನಮ್ಮ ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಚಿಕ್ಕನಾಯಕನಹಳ್ಳಿಯ ಗಣಿಗಳು ಇದರಿಂದ ಸ್ತಬ್ಧವಾದವು. 2012ರ ಫೆಬ್ರುವರಿ 27ರ ತೀರ್ಪು ಐದು ಹೆಕ್ಟೇರಿಗಿಂತ ಕಿರಿದಾದ ಕಲ್ಲು, ಮರಳು ಗಣಿಗಳಿಗೂ ಪರಿಸರ ಅನುಮತಿ ಅವಶ್ಯವೆಂದು ಸಾರಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಗಣಿಯನ್ನು ಪುನಃ ತೆರೆಯುವುದಕ್ಕೆ ಷರತ್ತಾಯಿತು. ಮುಂದೆ ಇದೇ ಉದ್ದೇಶಕ್ಕಾಗಿ ಒಂದು ನಿಗಮವೂ ಸ್ಥಾಪಿತವಾಯಿತು. ಆದರೆ ಸಂಗ್ರಹವಾದ ಅಪಾರ ಹಣ ಬಹುಕಾಲ ವ್ಯಯವಾಗದೆ ಉಳಿಯಿತು. ಹಣವು ಬೊಕ್ಕಸದಲ್ಲಿ ಬೆಳೆದರೆ ನೆಲದಲ್ಲಿ ಹುಲ್ಲು ಬೆಳೆಯದು.

ಹಾಗಾದರೆ ನೆಲವನ್ನು ಮರಳಿ ಪಡೆಯುವ ಬಗೆ ಯಾವುದು? ಅದು ಗಣಿ ಮುಚ್ಚಿದ ಮೇಲೆ ಪ್ರಾರಂಭವಾಗುವ ಕಾರ್ಯವಲ್ಲ. ಮೊದಲ ಗುದ್ದಲಿಯ ದಿನವೇ ಪ್ರಾರಂಭವಾಗಬೇಕಾದುದು. ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು ಕಾಪಾಡಬೇಕು. ಅಗೆದು ಸುರಿದ ರಾಶಿಗಳನ್ನು ಮೆಟ್ಟಿಲುಗಳಾಗಿ ಇಳಿಸಿ, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ಸುತ್ತಲೂ ನೀರುಗಾಲುವೆ ತೋಡಬೇಕು. ಇಲ್ಲವಾದರೆ ಮಳೆಯಲ್ಲಿ ಆ ಹೂಳೆಲ್ಲ ಕೆಳಗಿನ ಕೆರೆಗೆ ಇಳಿಯುತ್ತದೆ. ಅನಂತರ ಕಾಯ್ದಿಟ್ಟ ಮೇಲ್ಮಣ್ಣನ್ನು ಹರಡಿ, ಗೊಬ್ಬರ ಬೆರೆಸಿ, ಮೊದಲು ಹುಲ್ಲು ಹುರುಳಿಗಳನ್ನೂ, ಆಮೇಲೆ ಹೊಂಗೆ, ಬೇವು, ತಂಗಡಿಗಳನ್ನೂ ಬೆಳೆಸಬೇಕು. ಬರಡು ನೆಲದಲ್ಲಿಯೂ ಬೇರೂರುವ, ದನಗಳು ಮುಟ್ಟದ ಗಿಡ ತಂಗಡಿ. ಹಿಂದೆ ಉಕ್ಕಿನ ಮೂಸೆಗೆ ಬಿದ್ದ ಗಿಡವೇ ಇಂದು ಗಾಯಗೊಂಡ ಮಣ್ಣನ್ನು ಹಿಡಿದು ನಿಲ್ಲಿಸಬಲ್ಲುದು.

ಇಷ್ಟಾದರೂ ಒಡೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ನೆಲವನ್ನು ವಾಸಿ ಮಾಡಬಹುದೇ ಹೊರತು ಮೊದಲಿನಂತೆ ಮಾಡಲಾಗದು. ಆದುದರಿಂದ ಎಲ್ಲಿ ಅಗೆಯಬಾರದೆಂಬ ವಿವೇಕವೇ ಮೊದಲನೆಯ ಔಷಧ. ಸದ್ಭಕ್ತರು ತಮ್ಮ ಊರಿನಲ್ಲಿ ಗಣಿಯ ಪ್ರಸ್ತಾಪ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಿ: ಮೇಲ್ಮಣ್ಣು ಎಲ್ಲಿಡುವಿರಿ? ಹೂಳು ಯಾವ ಕೆರೆಗೆ ಇಳಿಯುವುದು? ಗುಂಡಿಯನ್ನು ಯಾರು, ಎಂದು, ಯಾವ ಹಣದಿಂದ ಸರಿಪಡಿಸುವರು? ದುಡಿದು ಉಣ್ಣುವುದು ಕಾಯಕ. ಪಡೆದುದನ್ನು ಹಿಂದಿರುಗಿಸುವುದು ದಾಸೋಹ. ಪಡೆದ ನೆಲಕ್ಕೆ ಏನನ್ನೂ ಕೊಡದ ದುಡಿಮೆಯನ್ನು ಕಾಯಕವೆಂದು ಕರೆಯಲು ನಮಗೆ ಅಧಿಕಾರವಿಲ್ಲ.